ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಬೇಸ್‌ಬಾಲ್‌ನ ಸೇಡಿನ ಚೆಂಡು

2025ರ ಜೂನ್ 19, ಲಾಸ್ ಏಂಜಲಿಸ್‌ನ ಡಾಡ್ಜರ್ ಸ್ಟೇಡಿಯಂ. ಪಂದ್ಯ ಒಂಬತ್ತನೇ ಇನ್ನಿಂಗ್ಸ್‌ಗೆ ಬಂದಿತ್ತು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್‌ನ ರಾಬರ್ಟ್ ಸುವಾರೆಜ್ ಎಸೆದ ಚೆಂಡು ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಬಂದು ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಬ್ಯಾಟರ್ ಶೊಹೆ ಒಟಾನಿಯ ಭುಜದ ಹತ್ತಿರ ಬಡಿಯಿತು. ಸ್ವಲ್ಪ ಹೊತ್ತಿನ ಹಿಂದಷ್ಟೇ ಡಾಡ್ಜರ್ಸ್‌ನ ಒಬ್ಬ ಪಿಚರ್ (ಚೆಂಡು ಎಸೆಯುವವನು) ಎಸೆದ ಚೆಂಡು ಪ್ಯಾಡ್ರೆಸ್‌ನ ಫರ್ನಾಂಡೊ ಟಾಟಿಸ್‌ಗೆ ತಗುಲಿ, ಎರಡೂ ಕಡೆಯವರು ಮೈದಾನಕ್ಕೆ ನುಗ್ಗಿದ್ದರು. ತಂಡಗಳ ಕೋಚ್‌ಗಳಾದ ಮ್ಯಾನೇಜರ್‌ಗಳು ಎದುರುಬದುರು ನಿಂತು ಕೂಗಾಡಿದ್ದರು. ಈಗ ಒಟಾನಿಗೆ ಬಿತ್ತು. ಡಾಡ್ಜರ್ಸ್ ಡಗೌಟ್‌ನಲ್ಲಿ, ಅಂದರೆ ಮೈದಾನದ ಪಕ್ಕ ತಂಡ ಕೂರುವ ಜಾಗದಲ್ಲಿ, ಇದ್ದವರೆಲ್ಲ ಎದ್ದು ನಿಂತರು.

ಒಟಾನಿ ಮಾಡಿದ್ದು ಇಷ್ಟೆ. ತನ್ನ ತಂಡದವರ ಕಡೆ ತಿರುಗಿ, ‘ಬೇಡ, ಅಲ್ಲೇ ಇರಿ’ ಎನ್ನುವಂತೆ ಕೈ ಬೀಸಿದ. ಆಮೇಲೆ ಫಸ್ಟ್ ಬೇಸ್ ಕಡೆ ನಡೆದು, ಎದುರಾಳಿ ಡಗೌಟ್‌ನವರ ಜೊತೆ ಏನೋ ಮಾತಾಡಿದ. ಜಗಳ ಅಲ್ಲಿಗೆ ತಣ್ಣಗಾಯಿತು.

ಆ ಹತ್ತು ಹನ್ನೊಂದು ದಿನಗಳಲ್ಲಿ ಎರಡು ತಂಡಗಳು ಏಳು ಪಂದ್ಯ ಆಡಿದ್ದವು. ಎಂಟು ಸಲ ಬ್ಯಾಟರ್‌ಗಳ ಮೈಗೆ ಚೆಂಡು ತಗುಲಿತ್ತು. ಅದರಲ್ಲಿ ಯಾವುದು ಬೇಕಂತಲೇ ಎಸೆದದ್ದು, ಯಾವುದು ಕೈ ತಪ್ಪಿದ್ದು ಅಂತ ಕೇಳಿದರೆ ಎರಡು ಊರಿನವರೂ ಎರಡು ಪಟ್ಟಿ ಕೊಡುತ್ತಾರೆ. ಪಟ್ಟಿಗಳು ತಾಳೆಯಾಗುವುದಿಲ್ಲ. ಬೇಸ್‌ಬಾಲ್‌ನ ಈ ಹಳೇ ತಕರಾರಿನ ತಿರುಳು ಇರುವುದೇ ಇಲ್ಲಿ.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೂ ನಡುವೆ 60 ಅಡಿ 6 ಇಂಚು, ಅಂದರೆ ಸುಮಾರು 18.4 ಮೀಟರ್. ಕ್ರಿಕೆಟ್ ಪಿಚ್‌ಗಿಂತ ಕಡಿಮೆ. ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ, ನೇರ ಬರುತ್ತದೆ. 150 ಕಿಲೋಮೀಟರ್ ವೇಗದ ಚೆಂಡು ತಲುಪಲು ಸುಮಾರು 0.4 ಸೆಕೆಂಡ್ ಸಾಕು. ಮೈಗೆ ತಗುಲಿದರೆ ಬ್ಯಾಟರ್‌ಗೆ ಫಸ್ಟ್ ಬೇಸ್, ಅಂದರೆ ರನ್ ಗಳಿಸಲು ಸುತ್ತಬೇಕಾದ ಬೇಸ್‌ಗಳಲ್ಲಿ ಮೊದಲನೆಯದು, ಬಿಟ್ಟಿ ಸಿಗುತ್ತದೆ. ಬೇಕಂತಲೇ ಎಸೆದ ಎಂದು ಅಂಪೈರ್‌ಗೆ ಅನ್ನಿಸಿದರೆ ಪಿಚರ್‌ನನ್ನು ಹೊರಗೆ ಹಾಕಬಹುದು, ಜೊತೆಗೆ ಮ್ಯಾನೇಜರ್‌ನನ್ನೂ. ಇಲ್ಲವೇ ಎರಡೂ ತಂಡಗಳಿಗೆ ಎಚ್ಚರಿಕೆ ಕೊಟ್ಟು ಸುಮ್ಮನಾಗಬಹುದು.

ಇದು ಬರೆದಿಟ್ಟ ನಿಯಮ. ಬರೆಯದ ನಿಯಮ ಇನ್ನೊಂದಿದೆ. ನಮ್ಮವನಿಗೆ ನೀವು ಹೊಡೆದರೆ, ನಿಮ್ಮವನಿಗೆ ನಾವು ಹೊಡೆಯುತ್ತೇವೆ. ತಲೆಗೆ ಬೇಡ, ಪಕ್ಕೆಗೋ ತೊಡೆಗೋ ಸಾಕು. ಹೊಡೆಸಿಕೊಂಡವನು ಉಜ್ಜಿಕೊಳ್ಳದೆ ಫಸ್ಟ್ ಬೇಸ್‌ಗೆ ಹೋಗಬೇಕು. ಲೆಕ್ಕ ಚುಕ್ತಾ.

ಕೇಳುವುದಕ್ಕೆ ನ್ಯಾಯವಾಗೇ ಇದೆ. ಆದರೆ ಚೆಂಡು ಎಸೆದವನು ಪಿಚರ್, ತಿರುಗೇಟು ತಿನ್ನುವವನು ಬೇರೆ ಯಾರೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ.

ಮೊದಲು ಪಿಚರ್‌ಗಳೂ ಬ್ಯಾಟ್ ಹಿಡಿಯುತ್ತಿದ್ದರು. ತಪ್ಪು ಮಾಡಿದವನೇ ಒಂದು ಗಂಟೆಯ ನಂತರ ಎದುರಿಗೆ ಬಂದು ನಿಲ್ಲುತ್ತಿದ್ದ. 1973ರಲ್ಲಿ, ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್, ಪಿಚರ್ ಬದಲು ಬ್ಯಾಟ್ ಮಾಡಲೆಂದೇ ಒಬ್ಬನನ್ನು ಇಟ್ಟುಕೊಳ್ಳುವ ನಿಯಮ ತಂದಿತು. ಡೆಸಿಗ್ನೇಟೆಡ್ ಹಿಟ್ಟರ್ ಎನ್ನುತ್ತಾರೆ. ತನಗೆ ತಿರುಗಿ ಬೀಳುವುದಿಲ್ಲ ಎಂದು ಗೊತ್ತಾದ ಮೇಲೆ ಅಲ್ಲಿನ ಪಿಚರ್‌ಗಳು ಜಾಸ್ತಿ ಧೈರ್ಯದಿಂದ ಮೈಮೇಲೆ ಎಸೆಯುತ್ತಾರೆಯೇ ಎಂದು ಅರ್ಥಶಾಸ್ತ್ರಜ್ಞರೇ ದಶಕಗಳ ಕಾಲ ವಾದ ಮಾಡಿದರು. ಹೌದು ಎಂದವರೂ ಇದ್ದಾರೆ. ಇಲ್ಲಪ್ಪ, ಪಿಚರ್ ಹೇಗೂ ಬ್ಯಾಟಿಂಗ್‌ನಲ್ಲಿ ದಂಡ, ಅವನಿಗೆ ಹೊಡೆದು ಯಾರು ಬಿಟ್ಟಿ ಬೇಸ್ ಕೊಡುತ್ತಾರೆ ಎಂದವರೂ ಇದ್ದಾರೆ. 2022ರಿಂದ ಇನ್ನೊಂದು ವಿಭಾಗವಾದ ನ್ಯಾಷನಲ್ ಲೀಗ್‌ನಲ್ಲೂ ಇದೇ ನಿಯಮ ಬಂದ ಮೇಲೆ ಆ ವಾದಕ್ಕೆ ಅರ್ಥ ಉಳಿದಿಲ್ಲ. ಈಗ ಸೇಡಿನ ಚೆಂಡು ತಪ್ಪಿತಸ್ಥನಿಗೆ ತಲುಪುವ ದಾರಿಯೇ ಇಲ್ಲ. ಎರಡೂ ಕೆಲಸ ಮಾಡುವ ಒಟಾನಿ ಒಬ್ಬ ಅಪವಾದ. ಜೂನ್ 19ರಂದು ಅವನಿಗೆ ಬಿದ್ದ ಏಟಿಗಂತೂ ಅವನ ಪಿಚಿಂಗ್ ಕಾರಣ ಅಲ್ಲ.

ಸಾವಿನ ವಿಷಯಕ್ಕೆ ಬರೋಣ, ಏಕೆಂದರೆ ಇದು ಬರೀ ಬಾವು, ಕಂದುಗಟ್ಟಿದ ಚರ್ಮದ ಮಾತಲ್ಲ. 1920ರ ಆಗಸ್ಟ್ 16, ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್. ಯಾಂಕೀಸ್‌ನ ಕಾರ್ಲ್ ಮೇಸ್ ಕೈಯನ್ನು ತೀರಾ ಕೆಳಗಿನಿಂದ ತಂದು ಎಸೆಯುವವನು. ಆ ಕಾಲದಲ್ಲಿ ಒಂದೇ ಚೆಂಡನ್ನು ಮಣ್ಣು, ಉಗುಳು ಹತ್ತಿ ಕಪ್ಪಾಗುವ ತನಕ ಬಳಸುತ್ತಿದ್ದರು. ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ಕದಲಲೇ ಇಲ್ಲ. ಚೆಂಡು ಅವನಿಗೆ ಕಂಡಿರಲಿಕ್ಕಿಲ್ಲ ಅಂತಾರೆ. ‘ಟಕ್’ ಅಂತ ಶಬ್ದ ಬಂತು. ಚೆಂಡು ಉರುಳಿ ತನ್ನ ಕಡೆ ಬಂದಾಗ ಮೇಸ್ ಅದು ಬ್ಯಾಟ್‌ಗೆ ತಗುಲಿದೆ ಎಂದೇ ತಿಳಿದು, ಎತ್ತಿಕೊಂಡು ಫಸ್ಟ್ ಬೇಸ್‌ಗೆ ಎಸೆದ. ತಗುಲಿದ್ದು ತಲೆಬುರುಡೆಗೆ. ಮರುದಿನ ಬೆಳಗಿನ ಜಾವ ಚಾಪ್‌ಮನ್ ತೀರಿಕೊಂಡ. ಮೇಜರ್ ಲೀಗ್‌ನಲ್ಲಿ ಚೆಂಡಿನೇಟಿಗೆ ಸತ್ತವನು ಇವತ್ತಿಗೂ ಅವನೊಬ್ಬನೇ.

ಮೇಸ್ ಮೇಲೆ ಬಹಿಷ್ಕಾರ ಹಾಕಬೇಕೆಂದು ಕೆಲವು ತಂಡಗಳಲ್ಲಿ ಮಾತು ಎದ್ದಿತು, ಆಗಲಿಲ್ಲ. ಬದಲಾದದ್ದು ಕೊಳೆಯಾದ ಚೆಂಡನ್ನು ಬೇಗ ಬದಲಿಸುವ ಪದ್ಧತಿ. ಹೆಲ್ಮೆಟ್ ಕಡ್ಡಾಯ ಆಗಲು 1971 ಬರಬೇಕಾಯಿತು. ಅಷ್ಟರಲ್ಲಿ, 1967ರಲ್ಲಿ, ಬಾಸ್ಟನ್‌ನ ಟೋನಿ ಕೊನಿಗ್ಲಿಯಾರೊನ ಕೆನ್ನೆ ಮೂಳೆ ಮುರಿದು ಕಣ್ಣಿನ ರೆಟಿನಾ ಹಾಳಾಗಿತ್ತು. ಇವೆರಡನ್ನೂ ಬೇಕಂತ ಎಸೆದದ್ದು ಎಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟೆ: ಪಕ್ಕೆಗೆ ಗುರಿಯಿಟ್ಟ ಚೆಂಡು ಪಕ್ಕೆಗೇ ಹೋಗುತ್ತದೆ ಎನ್ನುವ ಗ್ಯಾರಂಟಿ ಯಾವ ಪಿಚರ್ ಕೊಡಬಲ್ಲ? 2021ರ ಒಂದೇ ಋತುವಿನಲ್ಲಿ 2 ಸಾವಿರಕ್ಕೂ ಹೆಚ್ಚು ಸಲ ಬ್ಯಾಟರ್‌ಗಳಿಗೆ ಚೆಂಡು ತಗುಲಿದೆ. ಅದರಲ್ಲಿ ಬಹುಪಾಲು ಸೇಡಲ್ಲ, ವೇಗ ಹೆಚ್ಚಿ ಹಿಡಿತ ತಪ್ಪಿದ್ದು. ಸ್ಟ್ರೈಕ್ ಜೋನ್‌ಗೆ, ಅಂದರೆ ಪ್ಲೇಟ್ ಮೇಲೆ ಬ್ಯಾಟರ್ ಹೊಡೆಯಬಹುದಾದ ಎತ್ತರದ ಜಾಗಕ್ಕೆ, ಎಸೆಯಲು ಹೋಗಿ ಇಷ್ಟು ತಪ್ಪುವವರು ‘ತೊಡೆಗೆ ಮಾತ್ರ’ ಎಂದು ಲೆಕ್ಕ ಹಾಕಿ ಎಸೆಯುತ್ತಾರಂತೆ!

ಹಾಗಿದ್ದರೂ ಸೇಡು ಬೇಕು ಅನ್ನುವವರು ದಡ್ಡರಲ್ಲ. ಅವರ ಮಾತಲ್ಲಿ ತೂಕ ಇದೆ. ಡಗೌಟ್‌ನಲ್ಲಿ ಕೂತ ಬ್ಯಾಟರ್ ಯೋಚಿಸುವುದು ಹೀಗೆ: ದಿನಾ ನಾನು ಪ್ಲೇಟ್‌ನಲ್ಲಿ ನಿಂತು 150ರ ವೇಗ ಎದುರಿಸುತ್ತೇನೆ. ನನಗೆ ಬೇಕಂತಲೇ ಹೊಡೆದರೆ ಲೀಗ್ ಎರಡು ದಿನ ಬಿಟ್ಟು ಒಂದು ಪತ್ರಿಕಾ ಹೇಳಿಕೆ ಕೊಡುತ್ತದೆ. ನನ್ನ ಪಿಚರ್ ಕೂಡ ಕೈಕಟ್ಟಿ ಕೂತರೆ ನನಗೆ ದಿಕ್ಕು ಯಾರು? 1950, 60ರ ದಶಕದ ಡಾಡ್ಜರ್ಸ್ ಪಿಚರ್ ಡಾನ್ ಡ್ರೈಸ್‌ಡೇಲ್‌ನ ಲೆಕ್ಕ ಹೆಸರುವಾಸಿ. ನಮ್ಮವರಲ್ಲಿ ಒಬ್ಬನಿಗೆ ಹೊಡೆದರೆ ನಿಮ್ಮವರಲ್ಲಿ ಇಬ್ಬರಿಗೆ. ಅವನು ಒಟ್ಟು 154 ಬ್ಯಾಟರ್‌ಗಳಿಗೆ ಹೊಡೆದಿದ್ದಾನೆ. ಜೊತೆಗಾರರು ಅವನನ್ನು ಹೊಗಳಿದ್ದೇ ಹೊಗಳಿದ್ದು.

ಲೀಗ್ ಕೊಡುವ ಶಿಕ್ಷೆಯೂ ಅವರ ವಾದಕ್ಕೆ ಬಲ ಕೊಡುತ್ತದೆ. 2018ರ ಆಗಸ್ಟ್ 15ರಂದು ಅಟ್ಲಾಂಟಾದಲ್ಲಿ ನಡೆದದ್ದನ್ನೇ ನೋಡಿ. ಬ್ರೇವ್ಸ್ ತಂಡದ ರೊನಾಲ್ಡ್ ಅಕೂನ್ಯಾಗೆ ಆಗ 20 ವರ್ಷ. ಸತತ ಐದು ಪಂದ್ಯಗಳಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದ, ಅದರಲ್ಲಿ ಕೊನೆಯ ಮೂರು ಪಂದ್ಯಗಳನ್ನು ಹೋಮ್ ರನ್‌ನಿಂದಲೇ ಶುರು ಮಾಡಿದ್ದ. ಆ ದಿನ ಮಯಾಮಿ ಮಾರ್ಲಿನ್ಸ್‌ನ ಹೊಸೆ ಉರೇನ್ಯಾ ಎಸೆದ ಮೊದಲ ಚೆಂಡೇ ಅವನ ಮೊಣಕೈಗೆ ಬಂತು, ಗಂಟೆಗೆ ಸುಮಾರು 157 ಕಿಲೋಮೀಟರ್ ವೇಗದಲ್ಲಿ. ತಪ್ಪೇನು? ಚೆನ್ನಾಗಿ ಆಡಿದ್ದು. ಉರೇನ್ಯಾಗೆ ಶಿಕ್ಷೆ ಆರು ಪಂದ್ಯ. ಅವನು ಸ್ಟಾರ್ಟಿಂಗ್ ಪಿಚರ್, ಐದು ದಿನಕ್ಕೊಮ್ಮೆ ಎಸೆಯುವವನು. ಆರು ಪಂದ್ಯ ಎಂದರೆ ಹೆಚ್ಚೆಂದರೆ ಒಂದು ಸರದಿ ತಪ್ಪಬಹುದು, ಇಲ್ಲವೇ ಒಂದು ದಿನ ಮುಂದಕ್ಕೆ ಹೋಗಬಹುದು. ಋತುವಿನಲ್ಲಿ ಇರುವುದು 162 ಪಂದ್ಯ. ಕೆಲಸಕ್ಕೇ ಬರದ ದಿನಗಳನ್ನು ರಜೆ ಎಂದು ಹಾಜರಿ ಪುಸ್ತಕದಲ್ಲಿ ಬರೆದ ಹಾಗಾಯಿತು ಅಲ್ವಾ?

2020ರಲ್ಲೂ ಇದೇ. ಹ್ಯೂಸ್ಟನ್ ಆಸ್ಟ್ರೋಸ್ 2017ರಲ್ಲಿ ಕ್ಯಾಮೆರಾ ಇಟ್ಟು ಬ್ಯಾಟರ್ ಹಿಂದೆ ಕೂರುವ ಎದುರಾಳಿ ಕ್ಯಾಚರ್, ಯಾವ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಮಾಡುವ ಸನ್ನೆಗಳನ್ನು ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸುತ್ತಿತ್ತು. ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದಿತ್ತು, ಸೋತದ್ದು ಡಾಡ್ಜರ್ಸ್. ವಿಷಯ ಹೊರಬಿದ್ದ ಮೇಲೆ ಮ್ಯಾನೇಜರ್, ಜನರಲ್ ಮ್ಯಾನೇಜರ್ ಸಸ್ಪೆಂಡ್ ಆದರು, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಆಡಿದ ಆಟಗಾರರಿಗೆ ಒಂದು ದಿನದ ಶಿಕ್ಷೆಯೂ ಇಲ್ಲ. ಜುಲೈ 28ರಂದು ಡಾಡ್ಜರ್ಸ್‌ನ ಜೋ ಕೆಲ್ಲಿ ಅಲೆಕ್ಸ್ ಬ್ರೆಗ್‌ಮನ್ ತಲೆಯ ಹಿಂದೆ ಒಂದು ಚೆಂಡು ಹಾಯಿಸಿದ. ಆಮೇಲೆ ಕಾರ್ಲೋಸ್ ಕೊರೆಯಾನ ಹತ್ತಿರವೂ ಎಸೆದು, ಅಣಕಿಸುವ ಹಾಗೆ ತುಟಿ ಉಬ್ಬಿಸಿ ಮುಖ ಮಾಡಿದ. ಆ ಮುಖ ಟೀ ಶರ್ಟ್ ಮೇಲೆ, ಗೋಡೆ ಮೇಲೆ ಎಲ್ಲ ಕಡೆ ಬಂತು. ಎಂಟು ಪಂದ್ಯದ ಸಸ್ಪೆನ್ಷನ್ ಮೇಲ್ಮನವಿಯಲ್ಲಿ ಐದಕ್ಕೆ ಇಳಿಯಿತು. ತಮಾಷೆ ಅಂದರೆ, ಕೆಲ್ಲಿ 2017ರಲ್ಲಿ ಡಾಡ್ಜರ್ಸ್‌ನಲ್ಲಿ ಇರಲೇ ಇಲ್ಲ, ಬಾಸ್ಟನ್‌ನಲ್ಲಿದ್ದ. ಜನ ಅವನಿಗೆ ಚಪ್ಪಾಳೆ ಹೊಡೆದದ್ದು ಅವನ ಗುರಿಗಲ್ಲ, ಲೀಗ್ ಮಾಡದೆ ಬಿಟ್ಟ ಕೆಲಸಕ್ಕೆ ಕೈ ಹಾಕಿದ್ದಕ್ಕೆ.

ಇಷ್ಟು ಒಪ್ಪಿಕೊಂಡೂ ಸೇಡು ಬೇಡ ಅನ್ನುತ್ತೇನೆ. ಕಾರಣಕ್ಕೆ 2017ರ ಬಾಸ್ಟನ್-ಬಾಲ್ಟಿಮೋರ್ ಜಗಳವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಏಪ್ರಿಲ್ 21. ಬಾಲ್ಟಿಮೋರ್‌ನ ಮ್ಯಾನಿ ಮಚಾಡೊ ಸೆಕೆಂಡ್ ಬೇಸ್‌ಗೆ ಜಾರಿದಾಗ ಅವನ ಶೂ ಬಾಸ್ಟನ್‌ನ ಡಸ್ಟಿನ್ ಪೆಡ್ರೋಯಾನ ಕಾಲಿಗೆ ಬಡಿಯಿತು. ಮಚಾಡೊ ತಕ್ಷಣ ಕೈ ಚಾಚಿ ಹಿಡಿದುಕೊಂಡ. ಬಾಸ್ಟನ್‌ನವರಿಗೆ ಅದು ಬೇಕಂತ ಮಾಡಿದ್ದು. ಎರಡು ದಿನದ ನಂತರ ಬಾಸ್ಟನ್‌ನ ಮ್ಯಾಟ್ ಬಾರ್ನ್ಸ್ ಎಸೆದ ಚೆಂಡು ಮಚಾಡೊನ ತಲೆಯ ಹಿಂದಿನಿಂದ ಹೋಯಿತು, ಬ್ಯಾಟ್‌ಗೆ ತಾಗಿ ಫೌಲ್ ಆಯಿತು. ಅವನು ಬಗ್ಗಿದ್ದರಿಂದ ಬಚಾವ್. ಆಗ ಕ್ಯಾಮೆರಾದಲ್ಲಿ ಕಂಡದ್ದು ವಿಚಿತ್ರ. ಗಾಯಗೊಂಡು ಆಡದೆ ಡಗೌಟ್ ಮೆಟ್ಟಿಲ ಬಳಿ ನಿಂತಿದ್ದ ಪೆಡ್ರೋಯಾ ಮಚಾಡೊನ ಕಡೆ ನೋಡಿ, ಇದು ನಾನಲ್ಲ, ಅವರು ಎಂದು ಕೂಗಿ ಹೇಳುತ್ತಿದ್ದ. ಯಾರ ಪರವಾಗಿ ಸೇಡು ನಡೆಯಿತೋ ಅವನಿಗೇ ಅದು ಬೇಕಿರಲಿಲ್ಲ!

ಬಾರ್ನ್ಸ್‌ಗೆ ನಾಲ್ಕು ಪಂದ್ಯದ ಶಿಕ್ಷೆ. ಮುಗಿಯಿತಾ? ಇಲ್ಲ. ಮೇ 1ರಂದು ಬಾಸ್ಟನ್‌ನಲ್ಲಿ ಬಾಲ್ಟಿಮೋರ್‌ನ ಪಿಚರ್ ಮೂಕಿ ಬೆಟ್ಸ್‌ಗೆ ಹೊಡೆದ. ಬೆಟ್ಸ್‌ಗೂ ಪೆಡ್ರೋಯಾನ ಮೊಣಕಾಲಿಗೂ ಏನು ಸಂಬಂಧ? ಮೇ 2ರಂದು ಬಾಸ್ಟನ್‌ನ ಕ್ರಿಸ್ ಸೇಲ್ ಮಚಾಡೊನ ಕಾಲಿನ ಹಿಂದೆ ಚೆಂಡು ಹಾಯಿಸಿದ. ಅವತ್ತು ಪಂದ್ಯ ಮುಗಿದ ಮೇಲೆ ಮಚಾಡೊ ಪತ್ರಕರ್ತರ ಮುಂದೆ ಬೈದ ಬೈಗುಳವನ್ನು ಯಾವ ಚಾನೆಲ್‌ನವರೂ ಹಾಗೇ ಹಾಕುವಂತಿರಲಿಲ್ಲ. ಲೀಗ್‌ನವರು ಎರಡೂ ತಂಡದವರನ್ನು ಫೋನ್‌ನಲ್ಲಿ ಕೂರಿಸಿ ಸಾಕು ಮಾಡಿ ಎಂದರು. ಮೇ 3ರಂದು ಬಾಲ್ಟಿಮೋರ್‌ನ ಕೆವಿನ್ ಗಾಸ್‌ಮನ್ ಎಸೆದ ನಿಧಾನದ, ಬಾಗಿ ಬರುವ ಕರ್ವ್‌ಬಾಲ್ ಒಂದು ಬ್ಯಾಟರ್‌ಗೆ ತಗುಲಿತು. ಅಂಪೈರ್ ಅವನನ್ನು ಎರಡನೇ ಇನ್ನಿಂಗ್ಸ್‌ನಲ್ಲೇ ಹೊರಗಟ್ಟಿದರು. ಕರ್ವ್‌ಬಾಲ್ ಎಸೆದು ಯಾರಾದರೂ ಸೇಡು ತೀರಿಸಿಕೊಳ್ಳುತ್ತಾರಾ? ತಲೆಯ ಹಿಂದೆ ಎಸೆದವನಿಗೆ ನಾಲ್ಕು ಪಂದ್ಯ, ಕೈ ಜಾರಿದವನಿಗೆ ಗೇಟ್ ಪಾಸ್. ಉದ್ದೇಶವನ್ನು ಅಳೆಯಲು ಹೊರಟರೆ ಹೀಗೇ ಆಗುವುದು. ಪೆಡ್ರೋಯಾನ ಮೊಣಕಾಲಂತೂ ಸರಿಯಾಗಲೇ ಇಲ್ಲ. 2018, 2019 ಎರಡೂ ವರ್ಷ ಸೇರಿ ಒಂಬತ್ತೇ ಪಂದ್ಯ ಆಡಿ, 2021ರಲ್ಲಿ ನಿವೃತ್ತನಾದ. ಅವನ ಹೆಸರಲ್ಲಿ ಎಸೆದ ಅಷ್ಟು ಚೆಂಡುಗಳಿಂದ ಅವನಿಗೆ ದಮ್ಮಡಿ ಪ್ರಯೋಜನ ಆಗಲಿಲ್ಲ.

ಅದೇ ತಿಂಗಳು, ಮೇ 29ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು. 2014ರ ಪ್ಲೇಆಫ್‌ನಲ್ಲಿ (ನಾಕೌಟ್ ಹಂತದಲ್ಲಿ) ವಾಷಿಂಗ್ಟನ್‌ನ ಬ್ರೈಸ್ ಹಾರ್ಪರ್ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಪಿಚರ್ ಹಂಟರ್ ಸ್ಟ್ರಿಕ್‌ಲ್ಯಾಂಡ್‌ಗೆ ಎರಡು ಹೋಮ್ ರನ್ ಹೊಡೆದಿದ್ದ. ಆ ಸರಣಿ ಗೆದ್ದದ್ದು ಜೈಂಟ್ಸ್. ಆ ವರ್ಷದ ವರ್ಲ್ಡ್ ಸೀರೀಸ್ ಕೂಡ ಅವರದೇ. ಎರಡೂವರೆ ವರ್ಷ ಕಳೆದರೂ ಸ್ಟ್ರಿಕ್‌ಲ್ಯಾಂಡ್‌ಗೆ ಆ ಎರಡು ಹೊಡೆತ ಮರೆತಿರಲಿಲ್ಲವೇನೋ. ಅವನ ಚೆಂಡು ಹಾರ್ಪರ್‌ನ ಸೊಂಟಕ್ಕೆ ಬಿತ್ತು. ಹಾರ್ಪರ್ ಹೆಲ್ಮೆಟ್ ಎಸೆದು ದಿಬ್ಬಕ್ಕೆ ನುಗ್ಗಿದ. ಜೈಂಟ್ಸ್ ಕ್ಯಾಚರ್ ಬಸ್ಟರ್ ಪೋಸಿ ತಡೆಯಲು ಹೋಗದೆ ಸುಮ್ನೆ ನಿಂತುಬಿಟ್ಟ. ಇದು ನನ್ನ ಜಗಳ ಅಲ್ಲ ಎನ್ನುವಂತಿತ್ತು ಅವನ ನಿಲುವು. ಆದರೆ ಬಿಡಿಸಲು ಓಡಿ ಬಂದ ಜೈಂಟ್ಸ್‌ನ ಮೈಕೆಲ್ ಮೋರ್ಸ್‌ಗೆ ಅವನದೇ ತಂಡದ ಭಾರೀ ಆಳು ಜೆಫ್ ಸಮಾರ್ಜಾ ಡಿಕ್ಕಿ ಹೊಡೆದ. ಮೋರ್ಸ್‌ನ ತಲೆಗೆ ಪೆಟ್ಟಾಯಿತು. ಅದಾದ ಮೇಲೆ ಅವನು ಮೇಜರ್ ಲೀಗ್‌ನಲ್ಲಿ ಮತ್ತೊಂದು ಪಂದ್ಯ ಆಡಲಿಲ್ಲ. ಸ್ಟ್ರಿಕ್‌ಲ್ಯಾಂಡ್‌ಗೆ ಆರು ಪಂದ್ಯದ ಸಸ್ಪೆನ್ಷನ್, ಹಾರ್ಪರ್‌ಗೆ ಮೂರು. ಮೋರ್ಸ್‌ಗೆ ವೃತ್ತಿಯೇ ಹೋಯಿತು. ಸೇಡಿನ ಬೆಲೆ ಕೊಟ್ಟವನು ಜಗಳ ಆಡಿದ ಆ ಇಬ್ಬರಲ್ಲಿ ಒಬ್ಬನಲ್ಲ.

ಮನುಷ್ಯನ ತಲೆ ಬಿಸಿಯಾಗುವ ಕುರಿತು ಒಂದು ಅಧ್ಯಯನವೂ ಇದೆ. 1952ರಿಂದ 2009ರವರೆಗಿನ 57 ಸಾವಿರ ಪಂದ್ಯಗಳನ್ನು ಜಾಲಾಡಿ 2011ರಲ್ಲಿ ಪ್ರಕಟಿಸಿದ್ದು. ತಮ್ಮ ತಂಡದವರಿಗೆ ಆಗಲೇ ಏಟು ಬಿದ್ದಿದ್ದರೆ, ಸೆಕೆ ಜಾಸ್ತಿ ಇದ್ದ ದಿನ ಪಿಚರ್ ತಿರುಗಿ ಹೊಡೆಯುವ ಸಾಧ್ಯತೆ ಹೆಚ್ಚು ಎಂದು ಅದು ಕಂಡುಕೊಂಡಿತು. ಸಂಹಿತೆ, ಗೌರವ, ಲೆಕ್ಕ ಎಂದೆಲ್ಲ ಕರೆಯುವ ವ್ಯವಹಾರ ಥರ್ಮಾಮೀಟರ್ ನೋಡಿ ಏರಿಳಿಯುತ್ತದೆ ಎಂದರೆ ಅದನ್ನು ನ್ಯಾಯ ಎನ್ನಲು ನನಗೆ ಕಷ್ಟ.

ನಮಗೆ ಈ ಭಯ ಹೊಸದೇನಲ್ಲ. 1976ರಲ್ಲಿ ಜಮೈಕಾದ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿಗಳು ಮೈಮೇಲೆ ಎಸೆದಾಗ ಗುಂಡಪ್ಪ ವಿಶ್ವನಾಥ್ ಅವರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಅವರ ಬಾಯಿಗೆ ಹೊಲಿಗೆ ಬಿತ್ತು, ಅಂಶುಮನ್ ಗಾಯಕ್ವಾಡ್ ಅವರ ಕಿವಿಗೆ ಏಟಾಯಿತು. ಐದು ಜನ ಆಡಲಾಗದೆ ಭಾರತದ ಎರಡನೇ ಇನ್ನಿಂಗ್ಸ್ 97ಕ್ಕೇ ಮುಗಿಯಿತು. ತಿರುಗಿ ಹೊಡೆಯಲು ಅಂಥ ವೇಗದವರು ನಮ್ಮಲ್ಲಿ ಇರಲಿಲ್ಲ. ನಮ್ಮ ಬತ್ತಳಿಕೆಯಲ್ಲಿ ಇದ್ದದ್ದು ಬೇಡಿ, ಚಂದ್ರಶೇಖರ್, ವೆಂಕಟರಾಘವನ್ ಅವರ ಸ್ಪಿನ್. ಇದ್ದಿದ್ದರೆ ಏನಾಗುತ್ತಿತ್ತೋ. ಕ್ರಿಕೆಟ್ ಆಮೇಲೆ ದಾರಿ ಕಂಡುಕೊಂಡದ್ದು ಉದ್ದೇಶ ಕೆದಕಿ ಅಲ್ಲ, ಎಣಿಸಿ. ಓವರ್‌ಗೆ ಇಷ್ಟೇ ಬೌನ್ಸರ್. ಸೊಂಟದ ಮೇಲೆ ನೇರ ಬಂದ ಚೆಂಡು ನೋ ಬಾಲ್, ನೀನು ಬೇಕಂತ ಹಾಕಿದೆಯೋ ಕೈ ಜಾರಿತೋ ಆಮೇಲಿನ ಮಾತು.

ಬೇಸ್‌ಬಾಲ್‌ಗೂ ಈ ದಾರಿ ಗೊತ್ತಿಲ್ಲದ್ದೇನಲ್ಲ. ಜಪಾನ್, ಕೊರಿಯಾದ ಲೀಗ್‌ಗಳಲ್ಲಿ ಬ್ಯಾಟರ್‌ನ ತಲೆಗೆ ವೇಗದ ಚೆಂಡು ಬಿದ್ದರೆ ಪಿಚರ್ ಹೊರಗೆ, ಬೇಕಂತ ಎಸೆದನಾ ಎಂಬ ವಿಚಾರಣೆ ಇಲ್ಲ. ಅಲ್ಲಿ ಚೆಂಡು ತಗುಲಿದರೆ ಪಿಚರ್ ಟೋಪಿ ತೆಗೆದು ತಲೆ ಬಾಗಿಸುವುದೂ ಸಾಮಾನ್ಯ. ಒಟಾನಿ ಬೆಳೆದು ಬಂದದ್ದು ಅಂಥ ಆಟದಿಂದ. ಅವನು ಬೀಸಿದ ಕೈಗೆ ಅದೇ ಕಾರಣ ಎಂದು ನಾನು ಹೇಳಲಾರೆ, ನೆನಪಾಯಿತು ಅಷ್ಟೆ.

ಅಮೆರಿಕದಲ್ಲೂ ತಲೆಗೆ ಬಿದ್ದರೆ ನೇರ ಹೊರಗೆ ಎನ್ನುವ ನಿಯಮ ಬರಲಿ. ಶಿಕ್ಷೆಯನ್ನು ಪಂದ್ಯದ ಲೆಕ್ಕದಲ್ಲಿ ಅಲ್ಲ, ಪಿಚರ್‌ನ ಸರದಿಯ ಲೆಕ್ಕದಲ್ಲಿ ಕೊಡಲಿ. ಮೂರು ಸರದಿ ಎಂದರೆ ಹದಿನೈದು ದಿನ, ಆಗ ಮ್ಯಾನೇಜರ್‌ಗೂ ನೋವಾಗುತ್ತದೆ. ಆ ಅವಧಿಯಲ್ಲಿ ಅವನ ಜಾಗಕ್ಕೆ ಬೇರೆಯವನನ್ನು ತಂಡಕ್ಕೆ ಸೇರಿಸಲು ಬಿಡಬಾರದು. ತಪ್ಪು ಯಾರದೋ ಬಿಲ್ ಅವರಿಗೇ ಹೋಗಬೇಕು. ಒಳಗೆ, ಅಂದರೆ ಬ್ಯಾಟರ್‌ನ ಮೈ ಹತ್ತಿರ, ಎಸೆಯುವುದು ಹೋಗಿಬಿಡುತ್ತದೆ, ಆಟ ಸಪ್ಪೆಯಾಗುತ್ತದೆ ಎಂದು ಹಳಬರು ಗೊಣಗುತ್ತಾರೆ. ಪಿಚರ್‌ಗೆ ಪ್ಲೇಟ್‌ನ ಒಳಬದಿ ಬೇಕೇ ಬೇಕು, ಒಪ್ಪೋಣ. ಆದರೆ ಪ್ಲೇಟ್ ಅಗಲ 17 ಇಂಚು ಮಾತ್ರ. ಬ್ಯಾಟರ್‌ನ ಕಿವಿ ಅದರಲ್ಲಿ ಸೇರಿಲ್ಲ.

ಅಲ್ಲಿಯ ತನಕ ಏಟು ತಿಂದ ತಂಡ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು 2002ರ ಜೂನ್ 15ರ ಪಂದ್ಯದ ಕಥೆ ಹೇಳುತ್ತೇನೆ. ಅದಕ್ಕೆ ಎರಡು ವರ್ಷದ ಹಿಂದೆ ಯಾಂಕೀಸ್‌ನ ಪಿಚರ್ ರೋಜರ್ ಕ್ಲೆಮೆನ್ಸ್, ನ್ಯೂಯಾರ್ಕಿನದೇ ಇನ್ನೊಂದು ತಂಡವಾದ ಮೆಟ್ಸ್‌ನ ಮೈಕ್ ಪಿಯಾಟ್ಸಾನ ಹೆಲ್ಮೆಟ್‌ಗೆ ಹೊಡೆದಿದ್ದ. ಪಿಯಾಟ್ಸಾಗೆ ಆ ವರ್ಷದ ಆಲ್ ಸ್ಟಾರ್ ಪಂದ್ಯ ತಪ್ಪಿಹೋಯಿತು. ಕ್ಲೆಮೆನ್ಸ್ ಆಡುತ್ತಿದ್ದದ್ದು ಪಿಚರ್‌ಗಳು ಬ್ಯಾಟ್ ಹಿಡಿಯದ ಲೀಗ್‌ನಲ್ಲಿ, ಹಾಗಾಗಿ ಸೇಡಿಗೆ ಸಿಕ್ಕಿರಲಿಲ್ಲ. ಮೆಟ್ಸ್‌ನ ಶೇ ಸ್ಟೇಡಿಯಂನಲ್ಲಿ ಕೊನೆಗೂ ಬ್ಯಾಟ್ ಹಿಡಿದು ಬಂದ. ಇಡೀ ಊರು ಕಾಯುತ್ತಿತ್ತು. ದಿಬ್ಬದ ಮೇಲಿದ್ದವನು ಶಾನ್ ಎಸ್ಟಿಸ್. ಹೆಲ್ಮೆಟ್‌ಗೆ ಏಟು ಬಿದ್ದಾಗ ಅವನು ಮೆಟ್ಸ್ ತಂಡದಲ್ಲೇ ಇರಲಿಲ್ಲ, ಜೈಂಟ್ಸ್‌ಗೆ ಆಡುತ್ತಿದ್ದ. ಯಾರದೋ ಸಾಲ ತೀರಿಸಲು ನಿಂತ ಎಸ್ಟಿಸ್ ಎಸೆದ ಚೆಂಡು ಕ್ಲೆಮೆನ್ಸ್‌ನ ಹಿಂದಿನಿಂದ ಹಾದು ಹೋಯಿತು. ತಗುಲಲೇ ಇಲ್ಲ. ಅಂಪೈರ್ ಎರಡೂ ಕಡೆಗೆ ಎಚ್ಚರಿಕೆ ಕೊಟ್ಟರು.

ಆಮೇಲೆ ಎಸ್ಟಿಸ್ ಬ್ಯಾಟ್ ಹಿಡಿದು ಬಂದಾಗ ಕ್ಲೆಮೆನ್ಸ್ ಎಸೆದ ಚೆಂಡನ್ನು ಹೋಮ್ ರನ್ ಹೊಡೆದ. ಪಿಯಾಟ್ಸಾ ಕೂಡ ಅವನಿಗೇ ಒಂದು ಹೋಮ್ ರನ್ ಬಾರಿಸಿದ. ಎಸ್ಟಿಸ್ ಏಳು ಇನ್ನಿಂಗ್ಸ್ ಎಸೆದು 11 ಜನರನ್ನು ಸ್ಟ್ರೈಕ್ ಔಟ್ ಮಾಡಿದ, ಅಂದರೆ ತನ್ನ ಎಸೆತದಿಂದಲೇ ಔಟ್ ಮಾಡಿದ. ಮೆಟ್ಸ್ 8, ಯಾಂಕೀಸ್ 0. ಇಷ್ಟಾದರೂ ಆ ಪಂದ್ಯ ಅಂದ ಕೂಡಲೇ ನ್ಯೂಯಾರ್ಕಿನ ಜನ ಮೊದಲು ಹೇಳುವುದು, ಅಯ್ಯೋ, ಎಸ್ಟಿಸ್‌ನ ಗುರಿ ತಪ್ಪಿತಲ್ಲ ಅಂತ.